ದುಂಡು ಮಲ್ಲಿಗೆ: ಸಸಿಯ ಆಯ್ಕೆಯಿಂದ ಮೊಗ್ಗು ಬಿಡಿಸುವವರೆಗೆ

ಮಲ್ಲಿಗೆಯ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ನರ್ಸರಿಯಿಂದ ತಂದಾಗ ಗಿಡದ ತುಂಬ ಮೊಗ್ಗಿತ್ತು, ಮನೆಗೆ ಬಂದ ಮೇಲೆ ಎಲೆ ಹಸಿರಾಗಿದೆ, ಬಳ್ಳಿ ಉದ್ದುದ್ದ ಹೋಗುತ್ತಿದೆ, ಹೂ ಮಾತ್ರ ಇಲ್ಲ. ಯಾವ ಗೊಬ್ಬರ ಹಾಕಬೇಕು? ಈ ಪ್ರಶ್ನೆಗೆ ಉತ್ತರ ಬಹುಪಾಲು ಗೊಬ್ಬರದಲ್ಲಿಲ್ಲ. ದುಂಡು ಮಲ್ಲಿಗೆ ಹೂ ಬಿಡುವುದು ಹೊಸದಾಗಿ ಒಡೆದ ಚಿಗುರಿನಲ್ಲಿ, ಅದೂ ಬಿಸಿಲುಂಡು ಬೆಳೆದ ಚಿಗುರಿನಲ್ಲಿ. ಹಳೆಯ, ಬಲಿತ ಕೊಂಬೆಯನ್ನು ಹಾಗೆಯೇ ಬಿಟ್ಟರೆ ಅದು ಎಲೆ ಹೊತ್ತು ನಿಲ್ಲುತ್ತದೆಯೇ ಹೊರತು ಹೂ ಕೊಡುವುದಿಲ್ಲ. ಜಾಗ ಆರಿಸುವುದು, ನೀರು ಕೊಡುವುದು, ಕತ್ತರಿಸುವುದು, ಗೊಬ್ಬರ ಹಾಕುವುದು ಎಲ್ಲವೂ ಈ ಒಂದು ಸಂಗತಿಗೆ ಹೊಂದಿಕೊಂಡಿರಬೇಕು. ಕೆಳಗಿನ ಹಂತಗಳನ್ನು ಅದೇ ದೃಷ್ಟಿಯಿಂದ ಬರೆಯಲಾಗಿದೆ.

ಬೇಕಾಗುವ ಸಾಮಗ್ರಿ

ದಿನಕ್ಕೆ ಕನಿಷ್ಠ 5–6 ಗಂಟೆ ನೇರ ಬಿಸಿಲು ಬೀಳುವ ಜಾಗ, ಒಂದು ಆರೋಗ್ಯವಂತ ಸಸಿ, ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ದಪ್ಪ ಮರಳು, ಬೇವಿನ ಹಿಂಡಿ, ಹರಿತವಾದ ಗಿಡಗತ್ತರಿ. ಕುಂಡದಲ್ಲಿ ಬೆಳೆಸುವವರಿಗೆ 12 ಇಂಚಿಗಿಂತ ಕಡಿಮೆಯಿಲ್ಲದ, 14–16 ಇಂಚಾದರೆ ಇನ್ನೂ ಒಳ್ಳೆಯದಾದ, ತಳದಲ್ಲಿ ತೂತುಗಳಿರುವ ಕುಂಡ ಅಥವಾ ಗ್ರೋ ಬ್ಯಾಗ್ ಬೇಕು.

ಹಂತ 1: ಯಾವ ಮಲ್ಲಿಗೆ ಎಂದು ತಿಳಿದು ಕೊಳ್ಳಿ

ನರ್ಸರಿಯಲ್ಲಿ ‘ಮಲ್ಲಿಗೆ ಗಿಡ ಕೊಡಿ’ ಎಂದಷ್ಟೇ ಕೇಳಿದರೆ ಕೈಗೆ ಬರುವುದು ಯಾವ ಗಿಡವೂ ಆಗಬಹುದು. ಪರಿಮಳವೇ ನಿಮ್ಮ ಉದ್ದೇಶವಾಗಿದ್ದರೆ ಮೂರು ಗಿಡಗಳನ್ನು ಬೇರ್ಪಡಿಸಿ ನೋಡಲು ಕಲಿಯಬೇಕು. ದುಂಡು ಮಲ್ಲಿಗೆ, ಅಂದರೆ ಜಾಸ್ಮಿನಮ್ ಸಂಬಾಕ್, ಪೊದೆಯಂತೆ ಬೆಳೆಯುತ್ತದೆ. ಒಂದೊಂದು ತೊಟ್ಟಿನಲ್ಲಿ ಒಂದೇ ಅಗಲ ಎಲೆಯಿದ್ದು, ಮೊಗ್ಗು ಗುಂಡಗೆ ದಪ್ಪವಾಗಿರುತ್ತದೆ. ಉಡುಪಿ ಜಿಲ್ಲೆಯ ಶಂಕರಪುರದ ಮಲ್ಲಿಗೆ ಇದೇ ಜಾತಿಗೆ ಸೇರಿದ್ದು. ಸೂಜಿ ಮಲ್ಲಿಗೆ, ಅಂದರೆ ಜಾಸ್ಮಿನಮ್ ಆರಿಕ್ಯುಲೇಟಮ್, ಸಣ್ಣ ಎಲೆ ಮತ್ತು ತೆಳ್ಳನೆಯ ಚೂಪು ಮೊಗ್ಗಿನದು. ಹಡಗಲಿ ಮಲ್ಲಿಗೆ ಈ ಗುಂಪಿನದು. ಜಾಜಿಯಲ್ಲಿ ಒಂದೇ ಕಡ್ಡಿಯ ಎರಡು ಬದಿಗೆ ಹಲವು ಚಿಕ್ಕ ಎಲೆಗಳು ಜೋಡಣೆಯಾಗಿದ್ದು, ಮೊಗ್ಗಿನ ಹೊರಮೈಯಲ್ಲಿ ತಿಳಿಗೆಂಪಿನ ಛಾಯೆ ಇರುತ್ತದೆ. ಅದಕ್ಕೆ ಹಬ್ಬಲು ಚಪ್ಪರವೋ ಆಸರೆಯೋ ಬೇಕು. ಮೈಸೂರು, ಉಡುಪಿ, ಹಡಗಲಿ ಈ ಮೂರೂ ಊರಿನ ಮಲ್ಲಿಗೆಗಳು ಭೌಗೋಳಿಕ ಸೂಚಿ, ಅಂದರೆ ಜಿಐ ಮಾನ್ಯತೆ ಪಡೆದಿವೆ.

ಎಚ್ಚರಿಕೆ: ಕಾಕಡ ಗಿಡವೂ ಬಿಳಿ ಹೂವಿನಿಂದ ತುಂಬಿರುತ್ತದೆ, ನೋಡಲು ಮಲ್ಲಿಗೆಯ ಹಾಗೆಯೇ ಇರುತ್ತದೆ, ಆದರೆ ಅದಕ್ಕೆ ಪರಿಮಳ ಇಲ್ಲವೆನ್ನುವಷ್ಟು ಕಡಿಮೆ. ಮಾಲೆಗೆ ಅದು ಸಾಕು. ಸಂಜೆ ಅಂಗಳ ಘಮಘಮಿಸಬೇಕು ಎನ್ನುವವರಿಗೆ ಸಾಲದು. ಹೂವಿರುವಾಗ ಗಿಡ ನೋಡಿ ಕೊಳ್ಳುವುದೇ ಸುರಕ್ಷಿತ. ಏಳು ಸುತ್ತಿನ ಮಲ್ಲಿಗೆಯೂ ಸಂಬಾಕ್ ಜಾತಿಯದೇ. ಅದರ ಹೂವು ಸೊಗಸು, ಪರಿಮಳ ಗಾಢ. ಆದರೆ ಹೂವಿನ ಸಂಖ್ಯೆ ಕಡಿಮೆ, ಬೆಳವಣಿಗೆ ನಿಧಾನ. ಮೊದಲ ಸಲ ಬೆಳೆಸುವವರು ಸಾಮಾನ್ಯ ದುಂಡು ಮಲ್ಲಿಗೆಯಿಂದಲೇ ಆರಂಭಿಸುವುದು ಒಳ್ಳೆಯದೆಂಬುದು ನನ್ನ ಸಲಹೆ, ಮತ್ತು ಈ ಲೇಖನದ ಮುಂದಿನ ಭಾಗ ಅದನ್ನೇ ಕುರಿತದ್ದು.

ಸಸಿ ಕೊಳ್ಳುವಾಗ ಮೊಗ್ಗಿನ ಎಣಿಕೆಗಿಂತ ಬುಡದಿಂದ ಎಷ್ಟು ಕವಲುಗಳು ಹೊರಟಿವೆ ಎಂಬುದನ್ನು ನೋಡಿ. ಮೂರು ನಾಲ್ಕು ಕವಲಿರುವ ಗಿಡ್ಡ ಸಸಿಯು ಒಂದೇ ಕಡ್ಡಿಯಾಗಿ ಎತ್ತರ ಹೋದ ಸಸಿಗಿಂತ ಉತ್ತಮ. ಎಲೆಯ ಅಡಿಭಾಗವನ್ನು ತಿರುಗಿಸಿ, ಬಲೆ ಅಥವಾ ಕೆಂಪು ಚುಕ್ಕೆಗಳಿಲ್ಲವೆಂದು ಖಚಿತ ಮಾಡಿಕೊಳ್ಳಿ.

ಹಂತ 2: ಜಾಗವನ್ನು ಬಿಸಿಲು ನೋಡಿ ಆರಿಸಿ

ಸಾಮಾನ್ಯವಾಗಿ ಜಾಗದ ಆಯ್ಕೆ ಆಗುವುದು ಮನೆಯವರ ಅನುಕೂಲಕ್ಕೆ: ಬಾಗಿಲ ಪಕ್ಕ, ಕಿಟಕಿಯ ಕೆಳಗೆ, ತುಳಸಿ ಕಟ್ಟೆಯ ಹತ್ತಿರ. ಆ ಜಾಗಕ್ಕೆ ಬಿಸಿಲು ಬೀಳದಿದ್ದರೆ ಮುಂದಿನ ಯಾವ ಹಂತವೂ ಫಲ ಕೊಡುವುದಿಲ್ಲ. ನೆಡುವ ಮೊದಲು ಒಂದು ರಜಾದಿನ ಬೆಳಗ್ಗೆ 8, ಮಧ್ಯಾಹ್ನ 12 ಮತ್ತು 3 ಗಂಟೆಗೆ ಆ ಜಾಗವನ್ನು ನೋಡಿ. ಮೂರರಲ್ಲಿ ಎರಡು ಸಲವಾದರೂ ಅಲ್ಲಿ ನೇರ ಬಿಸಿಲಿರಬೇಕು. ಬೆಂಗಳೂರಿನಂಥ ಊರಿನಲ್ಲಿ ಪಕ್ಕದ ಕಟ್ಟಡದ ನೆರಳು ಬೇಸಿಗೆಗೂ ಚಳಿಗಾಲಕ್ಕೂ ಬೇರೆಬೇರೆ ಕಡೆ ಬೀಳುವುದರಿಂದ, ಫೆಬ್ರುವರಿಯಿಂದ ಜೂನ್‌ವರೆಗೆ, ಅಂದರೆ ಹೂವಿನ ಮುಖ್ಯ ಕಾಲದಲ್ಲಿ, ಬಿಸಿಲು ಎಲ್ಲಿರುತ್ತದೆ ಎಂಬುದೇ ಮುಖ್ಯ. ಬಾಲ್ಕನಿಯ ಗ್ರಿಲ್‌ನಿಂದ ಒಳಗೆ ಎರಡಡಿ ದೂರದಲ್ಲಿಟ್ಟ ಕುಂಡಕ್ಕೆ ಬೆಳಕು ಸಾಕಷ್ಟಿರುವಂತೆ ನಮ್ಮ ಕಣ್ಣಿಗೆ ಕಾಣುತ್ತದೆ. ಗಿಡಕ್ಕೆ ಅದು ನೆರಳೇ. ತಾರಸಿ ಇದ್ದವರಿಗೆ ಈ ಚಿಂತೆಯಿಲ್ಲ.

ಹಂತ 3: ಮಣ್ಣು ಸಿದ್ಧಪಡಿಸಿ ನೆಡುವುದು

ಮಲ್ಲಿಗೆಗೆ ನೀರು ಬಸಿದು ಹೋಗುವ ಮಣ್ಣು ಬೇಕು. ಮರಳು ಮಿಶ್ರಿತ ಕೆಂಪು ಗೋಡು ಮಣ್ಣು ಉತ್ತಮ. ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲೂ ಸಾವಯವ ಗೊಬ್ಬರ ಸೇರಿಸಿದರೆ ಚೆನ್ನಾಗಿ ಬರುತ್ತದೆ. ನೀರು ನಿಲ್ಲುವ ಜೇಡಿ ಮಣ್ಣಿನಲ್ಲಿ ಬೇರು ಕೊಳೆಯುತ್ತದೆ.

ನೆಲದಲ್ಲಿ ನೆಡುವವರು ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಒಂದೆರಡು ವಾರ ಬಿಸಿಲಿಗೆ ಬಿಡಿ. ಮೇಲ್ಮಣ್ಣಿಗೆ ಸುಮಾರು 10 ಕಿಲೋ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಎರಡು ಹಿಡಿ ಬೇವಿನ ಹಿಂಡಿ ಬೆರೆಸಿ ತುಂಬಿಸಿ. ಒಂದಕ್ಕಿಂತ ಹೆಚ್ಚು ಗಿಡಗಳಿದ್ದರೆ ನಡುವೆ ನಾಲ್ಕಡಿಗಿಂತ ಕಡಿಮೆಯಾಗದಂತೆ ಅಂತರ ಬಿಡಿ. ಮಳೆ ಹಿಡಿದ ಮೇಲೆ, ಜೂನ್‌ನಿಂದ ನವೆಂಬರ್‌ವರೆಗೆ ಯಾವಾಗ ಬೇಕಾದರೂ ನೆಡಬಹುದು. ಆದರೆ ಕರಾವಳಿಯವರು ಜೂನ್, ಜುಲೈನ ಜಡಿಮಳೆ ಕಳೆದ ಮೇಲೆ ನೆಡುವುದು, ನೆಡುವಾಗ ಸುತ್ತಲಿನ ನೆಲಕ್ಕಿಂತ ಅರ್ಧ ಅಡಿ ಎತ್ತರದ ದಿಬ್ಬ ಮಾಡಿಕೊಳ್ಳುವುದು ಕ್ಷೇಮ. ಬಯಲುಸೀಮೆಯಲ್ಲಿ ಇದಕ್ಕೆ ತದ್ವಿರುದ್ಧವಾಗಿ ಗಿಡದ ಸುತ್ತ ನೀರು ಹಿಡಿಯುವ ಪಾತಿ ಬೇಕಾಗುತ್ತದೆ.

ಕುಂಡಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಗೊಬ್ಬರ, ಒಂದು ಪಾಲು ದಪ್ಪ ಮರಳು ಸಾಕು. ಕೊಕೊಪಿಟ್, ಅಂದರೆ ತೆಂಗಿನ ನಾರಿನ ಪುಡಿಯನ್ನು, ತಾರಸಿಯ ಭಾರ ಕಡಿಮೆಯಾಗಲೆಂದು ಅನೇಕರು ಅರ್ಧಕ್ಕರ್ಧ ಸೇರಿಸುತ್ತಾರೆ. ಮೇಲೆ ಒಣಗಿದಂತೆ ಕಂಡರೂ ಅದು ಒಳಗೆ ಒದ್ದೆಯಾಗಿಯೇ ಇರುವುದರಿಂದ, ನೀರಿನ ಅಂದಾಜು ತಪ್ಪುತ್ತದೆ. ಬಳಸಲೇಬೇಕೆಂದರೆ ಕಾಲು ಪಾಲಿಗೆ ಮೀರದಿರಲಿ.

ನೆಡುವಾಗ ನರ್ಸರಿಯ ಕವರನ್ನು ಪೂರ್ತಿ ತೆಗೆಯಿರಿ. ಬೇರು ಸುತ್ತಿಕೊಂಡಿದ್ದರೆ ತುದಿಗಳನ್ನು ಬೆರಳಿನಿಂದ ಸಡಿಲಿಸಿ. ಸಸಿಯ ಬುಡ ಕವರಿನಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿರಲಿ. ಕಾಂಡದ ಬುಡಕ್ಕೆ ಮಣ್ಣು ಏರಿಸಿದರೆ ಬುಡ ಕೊಳೆ ರೋಗಕ್ಕೆ ದಾರಿ ಮಾಡಿಕೊಟ್ಟಂತೆ. ನೆಟ್ಟ ಮೇಲೆ ಒಂದು ವಾರ ಅರೆನೆರಳಿನಲ್ಲಿ ಇಟ್ಟು, ನಂತರ ಬಿಸಿಲಿಗೆ ತನ್ನಿ. ಈ ದಿನಗಳಲ್ಲಿ ಇರುವ ಮೊಗ್ಗು ಉದುರುವುದು, ಒಂದಷ್ಟು ಎಲೆ ಹಳದಿಯಾಗುವುದು ಸಹಜ; ಗಾಬರಿಯಿಂದ ಗೊಬ್ಬರ ಸುರಿಯಬೇಡಿ.

ಹಂತ 4: ನೀರು

ಬೆರಳನ್ನು ಒಂದು ಇಂಚು ಮಣ್ಣಿಗಿಳಿಸಿ ನೋಡಿ. ಒಣಗಿದ್ದರೆ ತಳದ ತೂತಿನಿಂದ ಹೊರಬರುವವರೆಗೆ ನೀರು ಹಾಕಿ, ಒದ್ದೆಯಿದ್ದರೆ ಬಿಡಿ. ಬೇಸಿಗೆಯಲ್ಲಿ ತಾರಸಿಯ ಕುಂಡಕ್ಕೆ ದಿನವೂ ಬೇಕಾಗಬಹುದು, ನೆಲದ ಗಿಡಕ್ಕೆ ವಾರಕ್ಕೆರಡು ಸಲ ಸಾಕು. ಮೊಗ್ಗು ಮೂಡಿದ ಮೇಲೆ ಮಾತ್ರ ಮಣ್ಣು ಪೂರ್ತಿ ಒಣಗಲು ಬಿಡಬಾರದು, ಬಿಟ್ಟರೆ ಮೊಗ್ಗು ಚಿಕ್ಕದಾಗಿಯೇ ಉದುರುತ್ತದೆ.

ಹಂತ 5: ಕತ್ತರಿಸುವುದು

ಹೆಚ್ಚಿನವರು ಹಿಂಜರಿಯುವುದು ಇಲ್ಲೇ, ಹೂ ನಿಲ್ಲುವುದಕ್ಕೂ ಇದೇ ಮುಖ್ಯ ಕಾರಣ. ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ.

ಹೂ ಬಿಟ್ಟ ಒಂದು ಚಿಗುರನ್ನು ಹತ್ತಿರದಿಂದ ನೋಡಿ. ತುದಿಯಲ್ಲಿ ಸಾಮಾನ್ಯವಾಗಿ ಮೂರು ಮೊಗ್ಗುಗಳ ಗೊಂಚಲಿರುತ್ತದೆ. ನಡುವಿನದು ದೊಡ್ಡದು, ಅದು ಮೊದಲು ಅರಳುತ್ತದೆ, ಅಕ್ಕಪಕ್ಕದ ಎರಡು ಆಮೇಲೆ. ಗೊಂಚಲಿನ ಕೆಳಗೆ ಎದುರುಬದುರಾಗಿ ಒಂದು ಜೋಡಿ ಎಲೆ, ಅದರ ಕೆಳಗೆ ಇನ್ನೊಂದು ಜೋಡಿ. ಪ್ರತಿ ಎಲೆಯ ಕಂಕುಳಲ್ಲಿ, ಅಂದರೆ ಎಲೆ ಕಾಂಡಕ್ಕೆ ಸೇರುವ ಮೂಲೆಯಲ್ಲಿ, ಸಾಸಿವೆಗಿಂತ ಸಣ್ಣದೊಂದು ಹಸಿರು ಉಬ್ಬು ಕಾಣುತ್ತದೆ. ಮುಂದಿನ ಚಿಗುರು ಅದೇ. ಮೂರೂ ಹೂ ಮುಗಿದ ಮೇಲೆ ಆ ತುದಿಯನ್ನು ಎರಡು ಜೋಡಿ ಎಲೆಯ ಸಮೇತ ಕತ್ತರಿಸಿದರೆ, ಉಳಿದ ಮೇಲಿನ ಜೋಡಿಯ ಎರಡು ಉಬ್ಬುಗಳಿಂದಲೂ ಕವಲೊಡೆಯುತ್ತದೆ. ಒಂದಿದ್ದ ತುದಿ ಎರಡಾಗುತ್ತದೆ. ಬೇಸಿಗೆಯಲ್ಲಿ ಸುಮಾರು ಐದಾರು ವಾರದಲ್ಲಿ ಆ ಎರಡೂ ತುದಿಯಲ್ಲಿ ಮೊಗ್ಗು ನಿರೀಕ್ಷಿಸಬಹುದು. ಹೂವಿನ ಕಾಲವಿಡೀ ನಡೆಸಬೇಕಾದ ಈ ಕೆಲಸಕ್ಕೆ ತುದಿ ಚಿವುಟುವುದು ಎನ್ನೋಣ.

ಇದಲ್ಲದೆ ವರ್ಷಕ್ಕೊಮ್ಮೆ ದೊಡ್ಡ ಕತ್ತರಿ ಬೀಳಬೇಕು. ದುಂಡು ಮಲ್ಲಿಗೆಗೆ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗಿನ ಕಾಲ ಇದಕ್ಕೆ ಸೂಕ್ತ. ಒಂದು ವಾರ ಮೊದಲೇ ನೀರು ಕಡಿಮೆ ಮಾಡಿ, ಎಲೆ ತುಸು ಬಾಡಿದಂತಾದಾಗ ಗಿಡವನ್ನು ನೆಲದಿಂದ 50 ಸೆಂ.ಮೀ., ಅಂದರೆ ಒಂದೂವರೆ ಅಡಿಗಿಂತ ಸ್ವಲ್ಪ ಮೇಲಕ್ಕೆ, ಎಲ್ಲ ಕಡೆಯಿಂದಲೂ ಕತ್ತರಿಸಿ. ಕುಂಡದ ಗಿಡವಾದರೆ ಒಂದಡಿ ಉಳಿಸಿದರೂ ಸಾಕು. ಒಣಗಿದ, ರೋಗ ಹಿಡಿದ, ಒಳಮುಖವಾಗಿ ಒಂದಕ್ಕೊಂದು ತಾಗುವ ಕಡ್ಡಿಗಳನ್ನು ಬುಡದಿಂದಲೇ ತೆಗೆಯಿರಿ. ಉಳಿದ ಎಲೆಗಳನ್ನೂ ಕೈಯಿಂದ ಬಿಡಿಸಿ ಹಾಕಿದರೆ ಚಿಗುರು ಒಂದೇ ಸಮನೆ ಒಡೆಯುತ್ತದೆ. ನಂತರ ಬುಡದ ಮೇಲ್ಮಣ್ಣನ್ನು ಎರಡು ಇಂಚು ಸಡಿಲಿಸಿ, ಗೊಬ್ಬರ ಕೊಟ್ಟು, ಧಾರಾಳವಾಗಿ ನೀರು ಹಾಕಿ. ಬೋಳುಗಿಡವನ್ನು ಕಂಡು ಮನೆಯವರು ಆಕ್ಷೇಪಿಸುವುದು ಖಂಡಿತ. ಫೆಬ್ರುವರಿಯವರೆಗೆ ಸಮಾಧಾನ ಹೇಳಿ.

ಕತ್ತರಿಸುವಾಗ ಮೂರು ಎಚ್ಚರಿಕೆಗಳು. ಮೊಂಡು ಕತ್ತರಿಯಿಂದ ಕಡ್ಡಿ ಸೀಳಿದರೆ ಅಲ್ಲಿಂದ ಕೆಳಕ್ಕೆ ಒಣಗುತ್ತಾ ಬರುತ್ತದೆ. ಜಡಿಮಳೆಯ ದಿನಗಳಲ್ಲಿ ದೊಡ್ಡ ಕತ್ತರಿ ಬೇಡ, ಗಾಯದ ಮೂಲಕ ಶಿಲೀಂಧ್ರ ಒಳಹೋಗುತ್ತದೆ. ಮೂರನೆಯದು ಉದ್ದ ಕುಡಿಗಳ ಸಂಗತಿ: ಗಿಡದ ನಡುವಿನಿಂದ ಎದ್ದು ಮೂರು ನಾಲ್ಕು ಅಡಿ ನೆಟ್ಟಗೆ ಹೋಗುವ, ಎಲೆಗಳ ನಡುವೆ ಅಂತರ ಹೆಚ್ಚಿರುವ ಕುಡಿಗಳನ್ನು ‘ಎಷ್ಟು ಚೆನ್ನಾಗಿ ಬೆಳೆಯುತ್ತಿದೆ’ ಎಂದು ಬಿಟ್ಟುಕೊಳ್ಳಬೇಡಿ. ಗಿಡದ ಶಕ್ತಿಯನ್ನೆಲ್ಲ ಅವು ಎಳೆದುಕೊಳ್ಳುತ್ತವೆ; ಅರ್ಧಕ್ಕೆ ಕತ್ತರಿಸಿದರೆ ಅವೂ ಕವಲೊಡೆದು ಹೂವಿಗೆ ಬರುತ್ತವೆ.

ಹೊಸ ಸಸಿಗೆ ಮೊದಲ ವರ್ಷ ದೊಡ್ಡ ಕತ್ತರಿ ಬೇಕಿಲ್ಲ. ತುದಿ ಚಿವುಟುತ್ತಾ ಕವಲು ಹೆಚ್ಚಿಸುವುದಷ್ಟೇ ಆ ವರ್ಷದ ಕೆಲಸ. ಪೂರ್ಣ ಪ್ರಮಾಣದ ಹೂ ಬರುವುದು ಎರಡು ಮೂರನೆಯ ವರ್ಷದಿಂದ.

ಹಂತ 6: ಗೊಬ್ಬರ

ನೆಲದಲ್ಲಿರುವ ಬೆಳೆದ ಗಿಡವೊಂದಕ್ಕೆ ವರ್ಷಕ್ಕೆ 10 ಕಿಲೋ ಕೊಟ್ಟಿಗೆ ಗೊಬ್ಬರದ ಜೊತೆ 60 ಗ್ರಾಂ ಸಾರಜನಕ, 120 ಗ್ರಾಂ ರಂಜಕ, 120 ಗ್ರಾಂ ಪೊಟ್ಯಾಷ್ ಎಂಬುದು ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಶಿಫಾರಸು. ಅಂಗಡಿಯ ಲೆಕ್ಕದಲ್ಲಿ ಅದು ಸರಿಸುಮಾರು 130 ಗ್ರಾಂ ಯೂರಿಯಾ, 750 ಗ್ರಾಂ ಸೂಪರ್ ಫಾಸ್ಫೇಟ್, 200 ಗ್ರಾಂ ಮ್ಯುರಿಯೇಟ್ ಆಫ್ ಪೊಟ್ಯಾಷ್ ಆಗುತ್ತದೆ. ಇದನ್ನು ಎರಡು ಕಂತು ಮಾಡಿ, ಒಂದನ್ನು ದೊಡ್ಡ ಕತ್ತರಿ ಹಾಕಿದ ಕೂಡಲೇ, ಇನ್ನೊಂದನ್ನು ಜೂನ್–ಜುಲೈನಲ್ಲಿ ಬುಡದಿಂದ ಒಂದಡಿ ದೂರದಲ್ಲಿ ಹಾಕಿ ಮಣ್ಣು ಮುಚ್ಚಬೇಕು. ಈ ಅನುಪಾತದಲ್ಲಿ ಗಮನಿಸಬೇಕಾದದ್ದು ಸಾರಜನಕ ಉಳಿದೆರಡರ ಅರ್ಧದಷ್ಟೇ ಇರುವುದು. ಯೂರಿಯಾ ಅಥವಾ ಹಸಿ ಸಗಣಿ ಹೆಚ್ಚು ಹಾಕಿದ ಗಿಡ ಕಡುಹಸಿರಾಗಿ ಎಲೆ ಬಿಟ್ಟು ಹೂ ಮರೆಯುವುದಕ್ಕೆ ಇದೇ ಕಾರಣ.

ಕುಂಡದವರಿಗೆ ಇಷ್ಟೆಲ್ಲ ಲೆಕ್ಕ ಬೇಡ. ತಿಂಗಳಿಗೊಮ್ಮೆ ಎರಡು ಹಿಡಿ ಎರೆಗೊಬ್ಬರ, ಒಂದು ಚಹಾ ಚಮಚದಷ್ಟು 17:17:17, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮನಾಗಿರುವ, ಗೊಬ್ಬರ ಸಾಕು. ಸಾವಯವವಾಗಿಯೇ ಬೆಳೆಸಬೇಕೆನ್ನುವವರು ಒಂದು ಹಿಡಿ ಕಡಲೆಕಾಯಿ ಹಿಂಡಿಯನ್ನು ಮೂರು ದಿನ ನೀರಿನಲ್ಲಿ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ ಒದ್ದೆ ಮಣ್ಣಿಗೆ ಹಾಕಬಹುದು. ವಾಸನೆ ಬರುತ್ತದೆ, ಅಪಾರ್ಟ್‌ಮೆಂಟಿನವರು ಅಕ್ಕಪಕ್ಕದವರನ್ನು ನೆನಪಿನಲ್ಲಿಟ್ಟುಕೊಳ್ಳಿ. ಈರುಳ್ಳಿ ಸಿಪ್ಪೆಯ ನೀರು, ಬಾಳೆಹಣ್ಣಿನ ಸಿಪ್ಪೆಯ ನೀರು, ಅಕ್ಕಿ ತೊಳೆದ ನೀರು ಇವುಗಳಿಂದ ಗಿಡಕ್ಕೆ ಹಾನಿಯೇನಿಲ್ಲ. ವಾರದಲ್ಲಿ ನೂರು ಮೊಗ್ಗು ಎಂಬ ವೀಡಿಯೊಗಳನ್ನು ನಂಬಿ ಬಿಸಿಲು ಮತ್ತು ಕತ್ತರಿಗೆ ಬದಲಾಗಿ ಅವನ್ನು ಬಳಸಿದರೆ ಮಾತ್ರ ನಿರಾಶೆ ಖಂಡಿತ.

ಎರಡು ವರ್ಷಕ್ಕೊಮ್ಮೆ, ದೊಡ್ಡ ಕತ್ತರಿಯ ಹೊತ್ತಿಗೆ, ಕುಂಡದ ಗಿಡವನ್ನು ಮಣ್ಣುಗಡ್ಡೆ ಸಮೇತ ಹೊರತೆಗೆದು, ಹೊರಸುತ್ತಿನ ಬೇರನ್ನು ಒಂದು ಇಂಚಿನಷ್ಟು ಸವರಿ, ಹೊಸ ಮಣ್ಣಿನಲ್ಲಿ ಕೂರಿಸಿ.

ಹಂತ 7: ರೋಗ, ಕೀಟ ಮತ್ತು ಹಳದಿ ಎಲೆ

ಎಲೆಯ ನರ ಹಸಿರಾಗಿಯೇ ಉಳಿದು, ನಡುವಿನ ಭಾಗ ಹಳದಿಯಾದರೆ, ಅದೂ ತುದಿಯ ಎಳೆ ಎಲೆಯಲ್ಲೇ ಮೊದಲು ಕಂಡರೆ, ಅದು ಕಬ್ಬಿಣದ ಕೊರತೆ. ಗಡಸು ಬೋರ್‌ವೆಲ್ ನೀರು ಹಾಕುವ ಕಡೆ ಇದು ಸಾಮಾನ್ಯ, ಏಕೆಂದರೆ ಮಣ್ಣು ಕ್ಷಾರವಾದಂತೆ ಅದರಲ್ಲಿರುವ ಕಬ್ಬಿಣ ಬೇರಿಗೆ ದಕ್ಕುವುದಿಲ್ಲ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಅಂದರೆ ಅನ್ನಭೇದಿ, ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ. ಎಲೆ ಹಸಿರಾಗುವವರೆಗೆ ಹದಿನೈದು ದಿನಕ್ಕೊಮ್ಮೆ ಪುನರಾವರ್ತಿಸಿ. ಮಳೆನೀರು ಸಂಗ್ರಹಿಸಲು ಅವಕಾಶವಿದ್ದರೆ ಮಲ್ಲಿಗೆಗೆ ಅದನ್ನೇ ಮೀಸಲಿಡಿ. ಇದಕ್ಕೆ ಬದಲಾಗಿ ಬುಡದ ಹಳೆಯ ಎಲೆಗಳು ಮಾತ್ರ ಹಳದಿಯಾಗಿ, ಮಣ್ಣು ಸದಾ ಒದ್ದೆಯಾಗಿದ್ದರೆ ನೀರು ಹೆಚ್ಚಾಗಿದೆ ಎಂದು ತಿಳಿಯಿರಿ.

ಮೊಗ್ಗು ಬಿಳಿಯಾಗುವ ಬದಲು ನೇರಳೆ ಬಣ್ಣಕ್ಕೆ ತಿರುಗಿ, ಬುಡ ಉಬ್ಬಿ, ಅರಳದೆ ಒಣಗಿದರೆ ಅದು ಮೊಗ್ಗು ನೊಣದ ಕೆಲಸ. ಈ ಸಣ್ಣ ನೊಣದ ಮರಿಗಳು ಮೊಗ್ಗಿನೊಳಗೆ ಬೆಳೆದು, ಕೋಶಾವಸ್ಥೆಗೆ, ಅಂದರೆ ರೆಕ್ಕೆಯ ನೊಣವಾಗುವ ಮುಂಚಿನ ಹಂತಕ್ಕೆ, ಮಣ್ಣಿಗಿಳಿಯುತ್ತವೆ. ಆದ್ದರಿಂದ ಮೇಲಿನಿಂದ ಎಷ್ಟು ಸಿಂಪಡಿಸಿದರೂ ಅರ್ಧ ಕೆಲಸವೇ. ಕೆಟ್ಟ ಮೊಗ್ಗುಗಳನ್ನು ದಿನವೂ ಕಿತ್ತು ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಬುಡದ ಮಣ್ಣು ಕೆದಕಿ ಬೇವಿನ ಹಿಂಡಿ ಬೆರೆಸಿ. ಮೊಗ್ಗಿನಲ್ಲಿ ದುಂಡನೆಯ ತೂತು, ಸುತ್ತ ನೂಲಿನಂಥ ಬಲೆ ಕಂಡರೆ ಅದು ಮೊಗ್ಗು ಕೊರೆಯುವ ಹುಳು. ಅದಕ್ಕೂ ಕಿತ್ತು ಹಾಕುವುದೇ ಮೊದಲ ಉಪಾಯ, ಜೊತೆಗೆ ವಾರಕ್ಕೊಮ್ಮೆ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ತುಸು ಸಾಬೂನು ನೀರಿನಲ್ಲಿ ಕಲಸಿ ಸಂಜೆ ಸಿಂಪಡಿಸಬಹುದು.

ಬೇಸಿಗೆಯಲ್ಲಿ ಎಲೆ ಮಂಕಾಗಿ, ಅಡಿಯಲ್ಲಿ ಸಣ್ಣ ಬಲೆ ಕಾಣಿಸಿದರೆ ಕೆಂಪು ನುಸಿ. ಎಲೆಯ ಅಡಿಭಾಗಕ್ಕೆ ಪೈಪಿನಿಂದ ರಭಸವಾಗಿ ನೀರು ಹಾಯಿಸುವುದರಿಂದಲೇ ಅದು ಬಹಳ ಮಟ್ಟಿಗೆ ಹತೋಟಿಗೆ ಬರುತ್ತದೆ. ಮೀರಿದರೆ ಲೀಟರಿಗೆ 2 ಗ್ರಾಂ ನೀರಿನಲ್ಲಿ ಕರಗುವ ಗಂಧಕ ಬಳಸಿ. ಆದರೆ ಬೇವಿನ ಎಣ್ಣೆ ಸಿಂಪಡಿಸಿದ ಎರಡು ವಾರದೊಳಗೆ ಗಂಧಕ ಬೇಡ, ಎಲೆ ಸುಡುತ್ತದೆ.

ಮನೆಯ ಮಲ್ಲಿಗೆ ಮುಡಿಗೂ ಪೂಜೆಗೂ ಹೋಗುತ್ತದೆ, ಮಕ್ಕಳ ಕೈಗೂ ಸಿಗುತ್ತದೆ. ಅಂತರ್ವ್ಯಾಪಿ ಕೀಟನಾಶಕಗಳನ್ನು, ಅಂದರೆ ಗಿಡದ ರಸದೊಳಗೆ ಸೇರಿಕೊಳ್ಳುವ ವಿಷಗಳನ್ನು, ಹೂ ಬಿಡುವ ಕಾಲದಲ್ಲಿ ಬಳಸಲೇಬೇಡಿ.

ಹಂತ 8: ಹೊಸ ಸಸಿ ಮಾಡಿಕೊಳ್ಳುವುದು

ದುಂಡು ಮಲ್ಲಿಗೆ ನಮ್ಮಲ್ಲಿ ಬೀಜ ಕಟ್ಟುವುದು ಅಪರೂಪ, ಕಡ್ಡಿಯಿಂದಲೇ ಸಸಿ. ಮಳೆಗಾಲದಲ್ಲಿ ಪೆನ್ಸಿಲ್ ದಪ್ಪದ, ಅರೆಬಲಿತ ಕಡ್ಡಿಯನ್ನು ಮೂರು ಗಿಣ್ಣು ಇರುವಂತೆ 6–8 ಇಂಚು ಕತ್ತರಿಸಿ, ಕೆಳಗಿನ ಎಲೆ ತೆಗೆದು, ಎರಡು ಗಿಣ್ಣು ಮಣ್ಣೊಳಗೆ ಹೋಗುವಂತೆ ಮರಳು ಬೆರೆತ ಮಣ್ಣಿನಲ್ಲಿ ಊರಿ. ನೆರಳಿನಲ್ಲಿಟ್ಟು ತೇವ ಕಾಯ್ದರೆ ಆರರಿಂದ ಎಂಟು ವಾರದಲ್ಲಿ ಬೇರು ಬರುತ್ತದೆ. ಇದಕ್ಕಿಂತ ಸುಲಭದ ದಾರಿಯೆಂದರೆ ಬುಡದ ಒಂದು ಕೊಂಬೆಯನ್ನು ಬಗ್ಗಿಸಿ, ಒಂದು ಗಿಣ್ಣಿನ ಸಿಪ್ಪೆ ಕೆರೆದು, ಅದನ್ನು ಪಕ್ಕದ ಕುಂಡದ ಮಣ್ಣಿನಲ್ಲಿ ಹೂತು ಮೇಲೊಂದು ಕಲ್ಲಿಡುವುದು. ಜೂನ್‌ನಲ್ಲಿ ಹೂತದ್ದನ್ನು ಅಕ್ಟೋಬರ್ ಹೊತ್ತಿಗೆ ತಾಯಿಗಿಡದಿಂದ ಬೇರ್ಪಡಿಸಬಹುದು.

ಹಂತ 9: ಬಿಡಿಸುವುದು

ಮಲ್ಲಿಗೆ ಅರಳುವುದು ಸಂಜೆಯ ನಂತರ. ಎಸಳು ಬಿಚ್ಚಿದ ಮೇಲೆಯೇ ಪರಿಮಳ ಪೂರ್ತಿಯಾಗಿ ಹೊರಡುತ್ತದೆ. ಕಟ್ಟುವ ಹೂವನ್ನು ಅದೇ ದಿನ ಅರಳಲಿರುವ ಮೊಗ್ಗಿನ ಹಂತದಲ್ಲಿ, ಬೆಳಗ್ಗೆ ಬಿಸಿಲೇರುವ ಮೊದಲು ಬಿಡಿಸಬೇಕು. ಅಂಥ ಮೊಗ್ಗು ಪೂರ್ತಿ ಬೆಳ್ಳಗೆ, ತುಂಬಿಕೊಂಡಿರುತ್ತದೆ. ಹಸಿರು ಛಾಯೆ ಉಳಿದ ಮೊಗ್ಗನ್ನು ಇಂದು ಕಿತ್ತರೆ ಅದು ಅರಳದೆ ಕಂದುತ್ತದೆ, ನಾಳೆಗೆ ಬಿಡಿ. ಬಿಡಿಸಿದ ಮೊಗ್ಗನ್ನು ತೊಳೆಯಬೇಡಿ. ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆಯಲ್ಲೋ ಬಾಳೆಲೆಯಲ್ಲೋ ಸುತ್ತಿ ತಂಪಾದ ಕಡೆ ಇಟ್ಟರೆ ಸಂಜೆ ಮುಡಿದ ಮೇಲೆ ಅರಳುತ್ತದೆ.

ಮಾರುಕಟ್ಟೆಗೆ ಹೋಲಿಸಿ ನಿಮ್ಮ ಗಿಡವನ್ನು ದೂರಬೇಡಿ. ಬಾಳೆನಾರಿನಲ್ಲಿ ಕಟ್ಟಿ ಮಾರುವ ಶಂಕರಪುರದ ಮಲ್ಲಿಗೆಯಲ್ಲಿ ಒಂದು ಚೆಂಡು ಎಂದರೆ 800 ಹೂ, ನಾಲ್ಕು ಚೆಂಡು ಸೇರಿ ಒಂದು ಅಟ್ಟೆ. ಒಂದೆರಡು ಕುಂಡದಿಂದ ದಿನಕ್ಕೊಂದು ಹಿಡಿ ಬಂದರೆ ಗಿಡ ಚೆನ್ನಾಗಿಯೇ ಇದೆ. ಚಳಿ ಹೆಚ್ಚಿರುವ ಡಿಸೆಂಬರ್, ಜನವರಿಯಲ್ಲಿ ಅದೂ ಇರುವುದಿಲ್ಲ. ಚಳಿ ದೇಶಗಳಲ್ಲಿರುವ ಕನ್ನಡಿಗರು ಆ ತಿಂಗಳುಗಳಲ್ಲಿ ಕುಂಡವನ್ನು ಮನೆಯೊಳಗೆ, ಬಿಸಿಲು ಬೀಳುವ ಕಿಟಕಿಯ ಬಳಿ ಇಟ್ಟು ನೀರು ಕಡಿಮೆ ಮಾಡಿ ಗಿಡವನ್ನು ಉಳಿಸಿಕೊಂಡರೆ ಸಾಕು. ಬಿಡಿಸಲು ಹೋಗುವಾಗ ಕೈಯಲ್ಲಿ ಕತ್ತರಿಯೂ ಇರಲಿ: ಗೊಂಚಲಿನ ಮೂರನೆಯ ಹೂ ಮುಗಿದ ಚಿಗುರುಗಳನ್ನು ಅಂದೇ ಹಂತ 5ರಲ್ಲಿ ಹೇಳಿದಂತೆ ತುದಿ ಚಿವುಟಿ ಬನ್ನಿ.